ಸಾರಿನಲ್ಲಿ ಕಲಸಿದ ಗುಳಿಗೆ

‘ಡಾಕ್ಟರ್ರ, ಗುಳಿಗಿ ಪುಡಿ ಮಾಡಿ ಸಾರಿನ್ಯಾಗ ಕೂಡಿಸಿ ಕೊಟ್ರ ನಡೀತೈತೇನ್ರೀ?’ ಸಕ್ಕರೆ ಕಾಯಿಲೆ, ಮಂಡಿನೋವು ಬಿಟ್ಟರೆ ಈ ಅಂಕಣದ ಓದುಗರಿಂದ ನನಗೆ ಹೆಚ್ಚು ಬರುವ ಪ್ರಶ್ನೆ ಇದೇ. ಪತ್ರದಲ್ಲಿ ಬರೆಯುವವರು ಕಡಿಮೆ. ಫೋನ್ ಮಾಡುತ್ತಾರೆ, ಇಲ್ಲವೇ ಶಿಗ್ಗಾಂವಿ ಸಂತೆಯಲ್ಲಿ ಕಂಡರೆ ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಕೇಳುತ್ತಾರೆ. ಬಹುಪಾಲು ತಾಯಂದಿರು, ಕೆಲವೊಮ್ಮೆ ಅಣ್ಣಂದಿರು, ಅಪರೂಪಕ್ಕೆ ಗಂಡ. ಹುಲಗೂರು, ಸವಣೂರು, ಹಾನಗಲ್ಲು, ಹಿರೇಕೆರೂರು, ಎಲ್ಲ ಕಡೆಯವರ ಕಥೆಯೂ ಹೆಚ್ಚೂಕಡಿಮೆ ಒಂದೇ. ಮಗ ಒಬ್ಬನೇ ಮಾತಾಡಿಕೊಳ್ಳುತ್ತಾನೆ, ರಾತ್ರಿಯೆಲ್ಲ ಅಡ್ಡಾಡುತ್ತಾನೆ, ಓಣಿಯವರು ತನ್ನ ಸುದ್ದಿಯನ್ನೇ ಆಡುತ್ತಾರೆ ಎನ್ನುತ್ತಾನೆ. ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದೊಯ್ದು ತೋರಿಸಿಯೂ ಆಗಿದೆ. ಗುಳಿಗೆ ಬರೆದುಕೊಟ್ಟರು. ಅವನು ‘ನನಗೇನಾಗೇತಿ, ನೀವ ನುಂಗ್ರಿ’ ಎಂದು ಚೀಟಿ ಹರಿದು ಒಗೆದ. ಮುಂದೇನು?

ಗುಳಿಗೆ ನುಂಗಬೇಕಾದವರೂ ನನ್ನನ್ನು ಪ್ರಶ್ನೆ ಕೇಳಿದ್ದಾರೆ. ಅವರ ಪ್ರಶ್ನೆಗಳೇ ಬೇರೆ. ಇದನ್ನು ಎಷ್ಟು ದಿನ ತಗೋಬೇಕು? ತಗೊಂಡರೆ ಲಗ್ನ ಆಗಬಹುದಾ? ಧಾರವಾಡಕ್ಕೆ ಹೋದರೆ ಕರೆಂಟ್ ಕೊಡುತ್ತಾರಾ? ಬಾಯಿಂದ ಜೊಲ್ಲು ಯಾಕೆ ಸುರಿಯುತ್ತದೆ? ಮನೆಯವರ ಪ್ರಶ್ನೆಗೆ ಉತ್ತರ ಕೊಡಲು ನಾವು ವೈದ್ಯರು ಸದಾ ಸಿದ್ಧ. ಈ ಎರಡನೆಯ ಬಗೆಯ ಪ್ರಶ್ನೆಗಳಿಗೆ ಸಿಗುವುದು ‘ಸುಮ್ನ ತಗೋರಿ, ಆರಾಮ ಆಗ್ತೈತಿ’ ಎಂಬ ಒಂದೇ ಸಾಲು. ಸಾರಿನ ಗುಳಿಗೆ ಹುಟ್ಟುವುದು ಅಲ್ಲಿಂದಲೇ ಎಂದು ನನ್ನ ಅನಿಸಿಕೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕದ್ದು ಕೊಡುವುದು ಬೇಡ. ಕೊಡದೆ ಗತ್ಯಂತರವೇ ಇಲ್ಲದ ಹೊತ್ತು ಬಂದರೆ, ಎದುರಿಗೇ ನಿಂತು, ಕಾನೂನು ಹಾಕಿಕೊಟ್ಟ ದಾರಿಯಲ್ಲಿ, ಒತ್ತಾಯ ಮಾಡಿಯಾದರೂ ಕೊಡುವುದು ವಾಸಿ. ಇದು ತಲೆಕೆಳಗಾದ ಮಾತಿನಂತೆ ಕೇಳಿಸಬಹುದು. ಕೈಕಾಲು ಹಿಡಿದು ಸೂಜಿ ಚುಚ್ಚಿಸುವುದಕ್ಕಿಂತ ತಾಯಿಯ ಕೈಯಡುಗೆಯಲ್ಲಿ ಒಂದು ಚಿಟಿಕೆ ಪುಡಿ ಹೋಗುವುದು ಎಷ್ಟೋ ಸೌಮ್ಯವಲ್ಲವೇ? ಹೊರನೋಟಕ್ಕೆ ಹೌದು.

ಹಾಗೆ ಮಾಡಿದವರನ್ನು ದೂರಲು ಈ ಬರಹವಲ್ಲ. ಇದು ನಮ್ಮ ಜಿಲ್ಲೆಯ ಗುಟ್ಟೂ ಅಲ್ಲ. ಚೆನ್ನೈನಲ್ಲಿ ಸ್ಕಿಜೋಫ್ರೇನಿಯಾ ಇರುವವರಿಗಾಗಿ ದುಡಿಯುತ್ತಿರುವ ‘ಸ್ಕಾರ್ಫ್’ ಸಂಸ್ಥೆಯ ಡಾ. ಆರ್. ತಾರಾ ಮತ್ತು ಅವರ ಸಹೋದ್ಯೋಗಿ 2002ರಲ್ಲೇ ಈ ಬಗ್ಗೆ ಅಧ್ಯಯನ ಪ್ರಕಟಿಸಿ, ಭಾರತದ ಕುಟುಂಬಗಳಲ್ಲಿ ಈ ರೂಢಿ ಎಷ್ಟು ಸಾಮಾನ್ಯ ಎಂದು ತೋರಿಸಿದರು. ರುಚಿ, ಬಣ್ಣ ಇಲ್ಲದ ಹನಿ ಔಷಧಿಯನ್ನು ‘ಚಹಾದಾಗ ಹಾಕ್ರಿ’ ಎಂದು ಬರೆದುಕೊಡುವ ವೈದ್ಯರೂ ಇದ್ದಾರೆ. ನಮ್ಮ ಬಸ್ ನಿಲ್ದಾಣಗಳ ಗೋಡೆ ನೋಡಿ, ‘ಕುಡುಕರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ’ ಎಂಬ ಜಾಹೀರಾತು ಎಷ್ಟು ವರ್ಷಗಳಿಂದ ಇದೆ. ಆ ಪುಡಿಯಲ್ಲಿ ಡೈಸಲ್ಫಿರಾಮ್ ಎಂಬ ಕುಡಿತ ಬಿಡಿಸುವ ಔಷಧಿ ಇದ್ದರೆ, ಅದು ಹೊಟ್ಟೆಯಲ್ಲಿದೆ ಎಂಬುದನ್ನು ಅರಿಯದೆ ಅವನು ಸಂಜೆ ಕುಡಿದುಬಿಟ್ಟರೆ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ ಬರಬಹುದು. ‘ತಿಳಿಯದಂತೆ’ ಎಂಬುದನ್ನೇ ಜಾಣತನವೆಂದು ಮಾರುವ ಪೇಟೆಯಲ್ಲಿ ಒಬ್ಬ ತಾಯಿಯನ್ನು ಮಾತ್ರ ಕಟಕಟೆಗೆ ಹತ್ತಿಸುವುದು ನ್ಯಾಯವಲ್ಲ.

ಆದರೂ ಬೇಡ ಎನ್ನುವುದು ಯಾಕೆ? ತೀವ್ರ ಮಾನಸಿಕ ಕಾಯಿಲೆಯಲ್ಲಿ ಮೇಲಿಂದ ಮೇಲೆ ಕಾಣುವ ಒಂದು ಭ್ರಮೆ, ‘ನನ್ನ ಊಟದಾಗ ಏನೋ ಹಾಕ್ತಾರ’ ಎಂಬುದು. ಆಸ್ಪತ್ರೆಯ ಚೀಟಿಯಲ್ಲಿ ಅದನ್ನು ರೋಗಲಕ್ಷಣವೆಂದು ಬರೆದಿರುತ್ತೇವೆ. ಮನೆಗೆ ಬಂದ ಮೇಲೆ ಅದನ್ನೇ ನಿಜ ಮಾಡುತ್ತೇವೆ! ಒಂದು ದಿನ ಲೋಟದ ತಳದಲ್ಲಿ ಬೆಳ್ಳಗೆ ಗಷ್ಟು ಕಾಣುತ್ತದೆ. ಆವತ್ತಿನಿಂದ ಅವನು ಮನೆಯಲ್ಲಿ ಅನ್ನ ಮುಟ್ಟುವುದಿಲ್ಲ, ಖಾನಾವಳಿಯಲ್ಲಿ ಉಣ್ಣುತ್ತಾನೆ, ಕೊಡದ ನೀರು ಬಿಟ್ಟು ಬೋರಿನ ನೀರು ಕುಡಿಯುತ್ತಾನೆ. ಅವನು ನಂಬಿಕೊಂಡಿದ್ದು ಒಬ್ಬ ತಾಯಿಯನ್ನು, ಈಗ ಅವಳೂ ‘ಅವರ’ ಕಡೆಯವಳಾದಳು. ಆಮೇಲೆ ಔಷಧಿಯ ಮಾತೆತ್ತುವುದಾದರೂ ಯಾರು?

ಗುಟ್ಟು ಬಯಲಾಗದೇ ಉಳಿದರೂ ಪೇಚು ತಪ್ಪುವುದಿಲ್ಲ. ಔಷಧಿ ಕೆಲಸ ಮಾಡುತ್ತದೆ, ಮೂರ್ನಾಲ್ಕು ವಾರದಲ್ಲಿ ನಿದ್ದೆ ಬರುತ್ತದೆ, ಕಿವಿಯಲ್ಲಿನ ದನಿ ತಗ್ಗುತ್ತದೆ. ಅವನ ಲೆಕ್ಕದಲ್ಲಿ ಆಗಿದ್ದೇನು? ಒಂದು ಗುಳಿಗೆಯನ್ನೂ ನುಂಗದೇ ತಾನು ನೆಟ್ಟಗಾದೆ ಎಂದು. ತನಗೆ ಕಾಯಿಲೆಯೇ ಇರಲಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ? ಕಾಯಿಲೆಯ ಅರಿವು ಬರಲಿ ಎಂದು ನಾವು ಕಾಯುತ್ತಿರುತ್ತೇವೆ, ಅರಿವು ಬರುವ ದಾರಿಯನ್ನು ನಾವೇ ಮುಚ್ಚಿರುತ್ತೇವೆ. ಇನ್ನು ಮೈಯ ವಿಚಾರ. ಹ್ಯಾಲೊಪೆರಿಡಾಲ್‌ನಂಥ ಔಷಧಿ ಕೆಲವರಲ್ಲಿ ಏಕಾಏಕಿ ಕುತ್ತಿಗೆ ತಿರುಚಿಸುತ್ತದೆ, ನಾಲಿಗೆ ಹೊರಳಿಸುತ್ತದೆ, ಕಣ್ಣಗುಡ್ಡೆ ಮೇಲೆ ಸಿಕ್ಕಿಸುತ್ತದೆ. ಒಂದು ಇಂಜೆಕ್ಷನ್ನಿಗೆ ಬಗ್ಗುವ ತೊಂದರೆ ಅದು. ಆದರೆ ಏನು ನುಂಗಿದ್ದೇನೆ ಎಂದೇ ಗೊತ್ತಿಲ್ಲದವನು ಡಾಕ್ಟರ ಮುಂದೆ ಏನು ಹೇಳಿಯಾನು? ಮನೆಯವರಿಗೂ ಗಾಳಿ ಸೋಕಿತೆಂದೇ ತೋರುತ್ತದೆ. ಲಿಥಿಯಂ ತೆಗೆದುಕೊಳ್ಳುವವರು ಆಗಾಗ ರಕ್ತಪರೀಕ್ಷೆ ಮಾಡಿಸಬೇಕು, ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದರೆ ಅದು ಮೈಗೆ ವಿಷವಾಗಿ ಏರುತ್ತದೆ. ಕ್ಲೋಜಪಿನ್ ಶುರು ಮಾಡಿದರೆ ಮೊದಲ ತಿಂಗಳುಗಳಲ್ಲಿ ವಾರಕ್ಕೊಮ್ಮೆ ರಕ್ತ ನೋಡಿಸಬೇಕು. ಗುಟ್ಟಾಗಿ ಗುಳಿಗೆ ಕೊಡಬಹುದು, ಗುಟ್ಟಾಗಿ ರಕ್ತ ತೆಗೆಯುವುದು ಹೇಗೆ?

ಹಾಗಾದರೆ ಅವನು ಬೇಡ ಎನ್ನುವುದೇಕೆ? ‘ಹುಚ್ಚಿಗೆ ಎಲ್ಲಿ ಕಾರಣ’ ಎಂದುಬಿಡುವುದು ಸುಲಭ. ಕೂತು ಕೇಳಿದರೆ ಬಹಳ ಸಲ ಸರಿಯಾದ ಕಾರಣವೇ ಸಿಗುತ್ತದೆ. ಸರ್ಕಾರಿ ಕೆಲಸದಲ್ಲಿದ್ದಾಗ ಕಂಡ ಒಬ್ಬ ರೈತ ನೆನಪಾಗುತ್ತಾನೆ. ತಿಂಗಳಿಗೆ ಎರಡು ಸಲ ಗುಳಿಗೆ ಬಿಡುತ್ತಿದ್ದ, ಮನೆಯವರಿಗೆ ತಲೆ ಚಿಟ್ಟು ಹಿಡಿದಿತ್ತು. ವಿಷಯ ಇಷ್ಟೇ. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟ್ ಪಾಳಿಯ ಮೇಲೆ ಬರುತ್ತದೆ. ರಾತ್ರಿಪಾಳಿಯ ವಾರ ಗೋವಿನಜೋಳಕ್ಕೆ ನೀರು ಬಿಡಲು ಅವನು ಎದ್ದಿರಬೇಕು, ಗುಳಿಗೆ ನುಂಗಿದರೆ ಬೆಳಕು ಹರಿದರೂ ಎಚ್ಚರವಿಲ್ಲ. ಅವನು ಆರಿಸಿಕೊಂಡಿದ್ದು ಬೆಳೆಯನ್ನು. ಇದರಲ್ಲಿ ಬುದ್ಧಿಭ್ರಮಣೆ ಎಲ್ಲಿದೆ? ಧಾರವಾಡದ ವೈದ್ಯರಿಗೆ ಸಂಗತಿ ತಿಳಿದದ್ದೇ ನಿದ್ದೆ ಕಡಿಮೆ ತರುವ ಔಷಧಿಗೆ ಬದಲಾಯಿಸಿ, ತೆಗೆದುಕೊಳ್ಳುವ ಹೊತ್ತನ್ನೂ ಹೊಂದಿಸಿಕೊಟ್ಟರು. ಅಲ್ಲಿಯವರೆಗೆ ಅವನ ಚೀಟಿಯಲ್ಲಿ ‘ಔಷಧಿಗೆ ಸಹಕರಿಸುವುದಿಲ್ಲ’ ಎಂದಿತ್ತು.

ಹೆಣ್ಣುಮಕ್ಕಳ ಕಾರಣಗಳು ಇನ್ನೂ ಆಳದಲ್ಲಿ ಅಡಗಿರುತ್ತವೆ. ರಿಸ್ಪೆರಿಡೋನ್‌ನಂಥ ಕೆಲವು ಗುಳಿಗೆಗಳಿಂದ ಮುಟ್ಟು ನಿಲ್ಲುತ್ತದೆ, ಎದೆಯಲ್ಲಿ ಹಾಲು ಒಸರುತ್ತದೆ. ಅದು ಔಷಧಿಯ ಅಡ್ಡಪರಿಣಾಮ, ಬದಲಾಯಿಸಿದರೆ ಸರಿಹೋಗುತ್ತದೆ ಎಂದು ಮೊದಲೇ ಹೇಳಿದ್ದರೆ ಚಿಂತೆಯಿಲ್ಲ. ಹೇಳಿರುವುದಿಲ್ಲ. ಮದುವೆಯಾಗದ ಹುಡುಗಿಗೆ ತಿಂಗಳು ತಪ್ಪಿದರೆ ಮನೆಯಲ್ಲಿ ಏನೇನು ಮಾತು ಹುಟ್ಟುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಹೊಸದಾಗಿ ಮದುವೆಯಾದ ಹುಡುಗ ಹಾಸಿಗೆಯಲ್ಲಿ ಸೋತು, ಅದನ್ನು ಯಾರಿಗೂ ಹೇಳಲಾಗದೆ ಗುಳಿಗೆಗಳನ್ನು ಗಟಾರಕ್ಕೆ ಚೆಲ್ಲುತ್ತಾನೆ. ಬಟ್ಟೆ ಹೊಲಿಯುವವನ ಕೈ ನಡುಗುತ್ತದೆ. ತೂಕ ಏರಿ ಲಂಗ ಬಿಗಿಯಾಗುತ್ತದೆ. ಇವರೆಲ್ಲರ ಮನೆಯವರೂ ಒಂದಲ್ಲ ಒಂದು ದಿನ ಸಾರಿನ ಉಪಾಯಕ್ಕೆ ಬರುತ್ತಾರೆ, ಏಕೆಂದರೆ ಇವರು ‘ಮಾತು ಕೇಳುವುದಿಲ್ಲ’.

ಅಮೆರಿಕದಲ್ಲಿ ಪ್ಯಾಟ್ರಿಷಿಯಾ ಡೀಗನ್ ಎಂಬ ಮನಶ್ಶಾಸ್ತ್ರಜ್ಞೆ ಇದ್ದಾರೆ. ಹದಿಹರೆಯದಲ್ಲೇ ಸ್ಕಿಜೋಫ್ರೇನಿಯಾ ಎಂಬ ಹಣೆಪಟ್ಟಿ ಹೊತ್ತವರು, ಆಮೇಲೆ ಡಾಕ್ಟರೇಟ್ ಪಡೆದವರು. ಡಬ್ಬಿಯಲ್ಲಿರುವ ಔಷಧಿ ಒಂದು ಬಗೆ, ಮನುಷ್ಯ ತನ್ನ ಬದುಕಿಗೆ ಅರ್ಥವಿದೆ ಎನಿಸುವಂತೆ ತಾನೇ ಮಾಡುವ ಕೆಲಸ ಇನ್ನೊಂದು ಬಗೆಯ ಔಷಧಿ ಎಂಬುದು ಅವರ ವಿಚಾರ. ಮೊದಲನೆಯದು ಎರಡನೆಯದಕ್ಕೆ ಅಡ್ಡ ಬಂದರೆ ಜನ ಮೊದಲನೆಯದನ್ನೇ ಬಿಡುತ್ತಾರೆ. ನಮ್ಮ ರೈತನಿಗೆ ಗೋವಿನಜೋಳಕ್ಕೆ ನೀರು ಬಿಡುವುದೇ ಆ ಎರಡನೆಯ ಔಷಧಿಯಾಗಿತ್ತು. ಡೀಗನ್ ಹೆಸರನ್ನು ಅವನು ಕೇಳಿರಲಿಕ್ಕಿಲ್ಲ.

ಹಾಗೆಂದು ಗುಳಿಗೆಯೇ ಬೇಡ ಎನ್ನುವ ಗುಂಪಿಗೆ ನಾನು ಸೇರಿದವನಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಜಗದೀಶ ತೀರ್ಥಳ್ಳಿ ಮತ್ತು ಅವರ ತಂಡ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹಳ್ಳಿಹಳ್ಳಿಗೆ ಹೋಗಿ ಸ್ಕಿಜೋಫ್ರೇನಿಯಾ ಇರುವವರನ್ನು ಗುರುತಿಸಿ, ಅಲ್ಲೇ ಚಿಕಿತ್ಸೆ ಕೊಟ್ಟು ಅವರ ಬೆನ್ನುಹತ್ತಿ ನೋಡಿದರು. ಔಷಧಿಯ ಮೇಲೆ ಇದ್ದವರು ಮನೆಗೆಲಸ, ಹೊಲದ ಕೆಲಸ, ನಾಲ್ಕು ಜನರ ಒಡನಾಟಗಳಿಗೆ ಮರಳಿದಷ್ಟು, ಔಷಧಿ ಇಲ್ಲದವರು ಮರಳಲಿಲ್ಲ. ಗುಳಿಗೆ ಬೇಕು. ಗುಳಿಗೆ ಬೇಕಾಗಿರುವುದರಿಂದಲೇ ಅದನ್ನು ವರ್ಷಗಟ್ಟಲೆ ನುಂಗಬೇಕಾದವನು ಅದರ ಬಗ್ಗೆ ನಡೆಯುವ ಮಾತಿನಲ್ಲಿ ಇರಬೇಕು.

ಈಗ ಕಾನೂನಿಗೆ ಬರೋಣ. ಧಾರವಾಡದಲ್ಲಿ ಹುಚ್ಚಾಸ್ಪತ್ರೆ ಶುರುವಾದದ್ದು 1845ರಲ್ಲಿ, ಇವತ್ತಿನ ಡಿಮ್ಹಾನ್ಸ್ ಅದೇ. ಅಂದಿನಿಂದ ಒಳಗೆ ಹೋಗುವವನ ಮಾತಿಗೆ ಬೆಲೆ ಬಂದದ್ದು ಬಹಳ ನಿಧಾನವಾಗಿ. 1912ರ ಲುನಸಿ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರ ಆದೇಶವೇ ಮುಖ್ಯ. 1987ರ ಕಾಯ್ದೆಯಲ್ಲಿ ಬಂಧುಗಳ ಅರ್ಜಿ, ಇಬ್ಬರು ವೈದ್ಯರ ಪ್ರಮಾಣಪತ್ರ ಇದ್ದರೆ 90 ದಿನ ಒಳಗಿಡಬಹುದಿತ್ತು. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದಕ್ಕೆ ಭಾರತ 2007ರಲ್ಲಿ ಮುದ್ರೆ ಒತ್ತಿದ ಮೇಲೆ ಲೆಕ್ಕ ಬದಲಾಯಿತು. ಅದರ ಫಲ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಜಾರಿಗೆ ಬಂದದ್ದು 2018ರಲ್ಲಿ. ಅದರ ನಾಲ್ಕನೆಯ ಸೆಕ್ಷನ್ನಿನಲ್ಲಿ ನನಗೆ ಬಲು ಇಷ್ಟವಾದ ಒಂದು ಮಾತಿದೆ: ಒಬ್ಬನ ತೀರ್ಮಾನ ಬೇರೆಯವರಿಗೆ ತಪ್ಪೆಂದು ಕಂಡಿತು ಎಂಬ ಒಂದೇ ಕಾರಣಕ್ಕೆ ಅವನಿಗೆ ತೀರ್ಮಾನಿಸುವ ಶಕ್ತಿ ಇಲ್ಲ ಎನ್ನುವಂತಿಲ್ಲ. ವಿಷಯವನ್ನು ಅವನಿಗೆ ಅರ್ಥವಾಗುವ ಸರಳ ಮಾತಿನಲ್ಲಿ, ಬೇಕಾದರೆ ಚಿತ್ರ, ಸನ್ನೆಗಳ ಮೂಲಕ ತಿಳಿಸಬೇಕು ಎಂದೂ ಅಲ್ಲೇ ಇದೆ. ಚೀಟಿ ಹರಿದ ಮಾತ್ರಕ್ಕೆ ಅವನು ತಿಳಿವಳಿಕೆ ಕಳೆದುಕೊಂಡವನಾಗುವುದಿಲ್ಲ. ಹುಚ್ಚಾಸ್ಪತ್ರೆ ಎಂದರೆ ಕರೆಂಟ್ ಎಂದು ಹೆದರುವವರಿಗೂ ಒಂದು ಮಾತು. ಅರಿವಳಿಕೆ ಕೊಡದೆ, ಸ್ನಾಯು ಸಡಿಲಿಸುವ ಔಷಧಿ ಕೊಡದೆ ಆ ಚಿಕಿತ್ಸೆ ಮಾಡುವುದನ್ನು ಈ ಕಾಯ್ದೆ ನಿಷೇಧಿಸಿದೆ, ಸರಪಳಿ ಹಾಕುವುದನ್ನೂ.

ನಿಜವಾಗಿಯೂ ಕೈಮೀರಿದಾಗ? ಬಾವಿ ಹಾರಲು ಓಡುತ್ತಾನೆ, ಕುಡುಗೋಲು ಹಿಡಿದು ನಿಂತಿದ್ದಾನೆ, ಹತ್ತು ದಿನದಿಂದ ಅನ್ನ ಮುಟ್ಟಿಲ್ಲ. ಕಾಯ್ದೆ ಕೈಕಟ್ಟಿ ಕೂರಲು ಹೇಳುವುದಿಲ್ಲ. ತುರ್ತಿನಲ್ಲಿ ನೋಂದಾಯಿತ ವೈದ್ಯ ಯಾರೇ ಆಗಲಿ, ಮನೋವೈದ್ಯನೇ ಆಗಬೇಕಿಲ್ಲ, 72 ಗಂಟೆಯವರೆಗೆ ಚಿಕಿತ್ಸೆ ಕೊಡಬಹುದು. ಅದಕ್ಕೂ ಮೀರಿದ್ದಾದರೆ, ರೋಗಿಯ ಪ್ರತಿನಿಧಿಯ ಅರ್ಜಿಯ ಮೇಲೆ, ಒಬ್ಬ ಮನೋವೈದ್ಯ ಮತ್ತು ಇನ್ನೊಬ್ಬ ವೈದ್ಯ ಅಥವಾ ಮಾನಸಿಕ ಆರೋಗ್ಯ ತಜ್ಞ ಬೇರೆಬೇರೆಯಾಗಿ ನೋಡಿ ಒಪ್ಪಿದರೆ, 30 ದಿನದವರೆಗೆ ದಾಖಲಿಸಿಕೊಳ್ಳಬಹುದು. ಇದು 89ನೆಯ ಸೆಕ್ಷನ್. ಆ ಅವಧಿಯಲ್ಲಿ ಅವನ ತೀರ್ಮಾನಶಕ್ತಿ ಮರಳಿತೇ ಎಂದು ವಾರಕ್ಕೊಮ್ಮೆ ನೋಡಬೇಕು. ಕಾಯ್ದೆಯಡಿ ಇರುವ ಪುನರ್ವಿಮರ್ಶಾ ಮಂಡಳಿಗೆ ವರದಿ ಕಳಿಸಬೇಕು. ಅವನು ತಕರಾರು ಎತ್ತಿದರೆ ಮಂಡಳಿ ಕೇಳಬೇಕು.

ಎದುರಿಗೇ ಮಾಡುವ ಒತ್ತಾಯ ವಾಸಿ ಎಂದು ನಾನು ಹೇಳುವುದು ಇದಕ್ಕೇ. ಅದಕ್ಕೆ ತಾರೀಖು ಇದೆ, ಸಹಿ ಇದೆ, ಮುಗಿಯುವ ದಿನ ಇದೆ. ಅವನು ಸಿಟ್ಟಾಗಬಹುದು, ಬೈಯಬಹುದು, ವಕೀಲರನ್ನು ಹಿಡಿಯಬಹುದು, ನಾಲ್ಕು ವರ್ಷ ತಮ್ಮನ ಜೊತೆ ಮಾತು ಬಿಡಬಹುದು. ತನಗೆ ಏನಾಯಿತು ಎಂಬುದು ಅವನಿಗೆ ಗೊತ್ತಿರುತ್ತದೆ. ಸಾರಿನ ಗುಳಿಗೆಗೆ ಮುಗಿಯುವ ದಿನವಿಲ್ಲ. ವರ್ಷಗಟ್ಟಲೆ ನಡೆದ ಮನೆಗಳನ್ನು ನೋಡಿದ್ದೇನೆ. ಒಂದು ಮನೆಯಲ್ಲಿ ತಾಯಿ ತೀರಿಕೊಂಡಳು, ಸೊಸೆಗೆ ಗುಟ್ಟು ಗೊತ್ತಿರಲಿಲ್ಲ, ಮಗನ ಕಾಯಿಲೆ ಎರಡು ತಿಂಗಳಲ್ಲಿ ಮರುಕಳಿಸಿತು, ಯಾಕೆಂದು ಯಾರಿಗೂ ತಿಳಿಯಲಿಲ್ಲ.

ಈ ಕಾಯ್ದೆ ಮನೆಯವರನ್ನು ಹೊರಗಿಟ್ಟಿದೆ ಎಂದು ಸಿಡುಕುವ ಮನೋವೈದ್ಯರು ನಮ್ಮಲ್ಲಿ ಬಹಳ ಮಂದಿ. ಅವರ ಸಿಟ್ಟಿನಲ್ಲಿ ಹುರುಳಿದೆ. ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡರು. ಆಮೇಲೆ ನಿಮ್ಹಾನ್ಸ್, ವೆಲ್ಲೂರುಗಳಲ್ಲೂ ಕುಟುಂಬ ಸಮೇತ ಉಳಿಯುವ ವ್ಯವಸ್ಥೆ ಬಂತು. ಪಶ್ಚಿಮದ ದೊಡ್ಡ ಆಸ್ಪತ್ರೆಗಳಲ್ಲಿ ರೋಗಿ ಒಂಟಿಯಾಗಿ ಕೊಳೆಯುತ್ತಿದ್ದ ಕಾಲದಲ್ಲಿ ಇಲ್ಲಿ ಅವ್ವ ಪಕ್ಕದಲ್ಲಿ ಕೂತು ತಲೆ ಬಾಚುತ್ತಿದ್ದಳು. ಮನೋವೈದ್ಯರೇ ಅಪರೂಪವಾದ ನಾಡಿನಲ್ಲಿ ಅವ್ವನೇ ನರ್ಸು, ಅವ್ವನೇ ವಾರ್ಡು. ಅವಳನ್ನು ಬಿಟ್ಟು ಯಾವ ನೀತಿಯನ್ನೂ ಕಟ್ಟಲಾಗದು.

ಆದರೆ ‘ಮನೆಯವರು’ ಎಂದರೆ ಯಾವಾಗಲೂ ಅವ್ವನೇ ಅಲ್ಲವಲ್ಲ. ಆಸ್ತಿ ಪಾಲಿನ ಹೊತ್ತಿಗೇ ತಮ್ಮನ ತಲೆ ಕೆಟ್ಟಿದೆ ಎಂದು ಸರ್ಟಿಫಿಕೇಟ್ ಕೇಳಲು ಬರುವ ಅಣ್ಣ ಇದ್ದಾನೆ. ಹೆರಿಗೆಯಾದ ಮೇಲೆ ಮನಸ್ಸು ಕದಡಿದ ಹೆಂಡತಿಯನ್ನು ಕರೆತಂದು, ಚೀಟಿಯನ್ನು ಜೋಪಾನ ಮಾಡಿ, ಒಂದು ವರ್ಷದ ಮೇಲೆ ಅದೇ ಚೀಟಿಯನ್ನು ಸೋಡಚೀಟಿಯ ಅರ್ಜಿಗೆ ಲಗತ್ತಿಸುವ ಗಂಡ ಇದ್ದಾನೆ. ಅದಕ್ಕೇ ಕಾಯ್ದೆ ಪ್ರತಿನಿಧಿಯನ್ನು ಆರಿಸುವ ಹಕ್ಕನ್ನು ರೋಗಿಗೇ ಕೊಟ್ಟಿದೆ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು. ಗಂಡ ಬೇಡ, ತವರಿನ ತಮ್ಮ ಇರಲಿ ಎನ್ನಬಹುದು. ಗೆಳತಿಯ ಹೆಸರೂ ಬರೆಯಬಹುದು. ಇದು ಕುಟುಂಬವನ್ನು ಒಡೆಯುತ್ತದೆ ಎನ್ನುವವರು ಒಮ್ಮೆ ಸೊಸೆಯ ಜಾಗದಲ್ಲಿ ನಿಂತು ನೋಡಲಿ.

ನಮ್ಮ ಭಾಗದ ಮಾತು ದರ್ಗಾ, ಗದ್ದುಗೆಗಳನ್ನು ಬಿಟ್ಟು ಮುಗಿಯದು. ಹುಲಗೂರಿನ ಖಾದರಶಾ ವಲಿಯ ದರ್ಗಾಕ್ಕೆ ಹಿಂದೂ ಮುಸಲ್ಮಾನರೆನ್ನದೆ ಜನ ನಡೆದುಕೊಳ್ಳುತ್ತಾರೆ. ಶಿಶುನಾಳ ಷರೀಫರು ಹುಟ್ಟಿದ್ದೇ ಆ ಸಂತರ ಆಶೀರ್ವಾದದಿಂದ ಎಂಬ ನಂಬಿಕೆ ನಮ್ಮಲ್ಲಿ ಇವತ್ತಿಗೂ ಇದೆ. ಮನಸ್ಸು ಕೆಟ್ಟರೆ ನಮ್ಮ ಜನ ಮೊದಲು ಹೋಗುವುದು ಇಂಥ ಒಂದು ಕಡೆಗೆ, ಸಕ್ಕರೆ ಓದಿಸುತ್ತಾರೆ, ತಾಯತ ಕಟ್ಟಿಸುತ್ತಾರೆ, ಆಮೇಲೆ ಹುಬ್ಬಳ್ಳಿ ದಾಟಿ ಧಾರವಾಡ. ವೈದ್ಯರಾದ ನಾವು ಇದನ್ನು ಕಂಡು ಮೂಗು ಮುರಿಯುತ್ತೇವೆ. ನಾನು ಗಮನಿಸಿದ ಸಂಗತಿ ಬೇರೆ. ತಾಯತವನ್ನು ಯಾರೂ ಕದ್ದು ಕಟ್ಟುವುದಿಲ್ಲ. ಅವನೇ ಕೈ ಚಾಚುತ್ತಾನೆ, ಯಾಕೆ ಕಟ್ಟುತ್ತಿದ್ದಾರೆ ಎಂಬುದು ಅವನಿಗೆ ಗೊತ್ತು, ಅವನ ಹೆಸರು ಹಿಡಿದು ಮಾತಾಡಿಸುತ್ತಾರೆ. ನಿಮ್ಹಾನ್ಸ್‌ನ ಡಾ. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಗುಡಿಯಲ್ಲಿ ಉಳಿದು ಗುಣ ಬೇಡುತ್ತಿದ್ದ 31 ಜನರನ್ನು ನೋಡಿ 2002ರಲ್ಲಿ ವರದಿ ಬರೆದರು. ರೋಗಲಕ್ಷಣದ ಅಂಕ ಶೇ. 20ರಷ್ಟು ಇಳಿದಿತ್ತು. ಗುಡಿಯವರು ಕೊಟ್ಟದ್ದು ಇರಲು ಜಾಗ, ಮಾಡಲು ಕೆಲಸ, ಗದರದ ಮಾತು. ಸಣ್ಣ ಅಧ್ಯಯನ, ಅದರ ಮೇಲೆ ದೊಡ್ಡ ಮಾತು ಕಟ್ಟಲಾರೆ. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹತ್ತಿರದ ಒಂದು ಖಾಸಗಿ ಆಶ್ರಯದಲ್ಲಿ, 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಓಡಲಾಗದೆ ಸತ್ತರು ಎಂಬುದನ್ನೂ ಮರೆಯುವಂತಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದವಾ–ದುವಾ ಎಂದು ಔಷಧಿ, ಪ್ರಾರ್ಥನೆ ಎರಡನ್ನೂ ಒಂದೇ ಅಂಗಳಕ್ಕೆ ತಂದಿದ್ದಾರೆ. ಮುಜಾವರರೇ ಮನೋವೈದ್ಯರ ಕಡೆಗೆ ಕೈ ತೋರುತ್ತಾರೆ. ರೋಗಿಗೆ ಉರುಸೂ ಬೇಕು, ಗುಳಿಗೆಯೂ ಬೇಕು ಎಂದಾದರೆ ಒಂದನ್ನು ಬಿಡು ಎಂದು ನಾವೇಕೆ ಪಟ್ಟು ಹಿಡಿಯಬೇಕು?

ಇನ್ನು ಡಾಕ್ಟರರ ಕಡೆಯ ಮಾತು. ಹಳ್ಳಿಯ ವೈದ್ಯರೇ ಮಾನಸಿಕ ಕಾಯಿಲೆ ನೋಡಲಿ ಎಂಬ ಪ್ರಯೋಗ ನಿಮ್ಹಾನ್ಸ್ ಮುಂದಾಳತ್ವದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲಿ ಆರಂಭವಾಗಿ, ಮುಂದೆ ಇಡೀ ದೇಶಕ್ಕೆ ಮಾದರಿಯಾಯಿತು. ಈಗ ಕರ್ನಾಟಕದಲ್ಲಿ ‘ಮನೋಚೈತನ್ಯ’ದ ಹೆಸರಿನಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಬಾಗಿಲಾಚೆ ಸಾಲು ನಿಂತಿರುತ್ತದೆ. ಒಬ್ಬರಿಗೆ ಸಿಗುವುದು ಐದಾರು ನಿಮಿಷ. ಆ ಹೊತ್ತಿನಲ್ಲಿ ಕುರ್ಚಿಯಲ್ಲಿ ರೋಗಿ ಕೂತಿರುತ್ತಾನೆ, ಅಣ್ಣ ಹಿಂದೆ ನಿಂತಿರುತ್ತಾನೆ, ಡಾಕ್ಟರು ರೋಗಿಯ ತಲೆಯ ಮೇಲಿಂದ ಅಣ್ಣನಿಗೆ ಕೇಳುತ್ತಾರೆ: ‘ಹೆಂಗದಾನ? ನಿದ್ದಿ ಮಾಡ್ತಾನ?’ ಕೂತವನು ದನದ ಪೇಟೆಯ ಎತ್ತಿನಂತೆ ಸುಮ್ಮನಿರುತ್ತಾನೆ. ಐದು ನಿಮಿಷದಲ್ಲಿ ಎರಡು ನಿಮಿಷ ಅಣ್ಣನನ್ನು ಹೊರಗೆ ಕಳಿಸಿ ‘ತಮ್ಮಾ, ಗುಳಿಗಿಯಿಂದ ನಿನಗ ತ್ರಾಸ ಏನಾಗೇತಿ?’ ಎಂದು ಕೇಳಲು ಹೊಸ ಬಜೆಟ್ ಬೇಕಿಲ್ಲ. ಉತ್ತರ ಬಂದರೆ ಔಷಧಿ ಬದಲಾಯಿಸಬಹುದು, ದಿನದ ಗುಳಿಗೆಯ ಬದಲು ತಿಂಗಳ ಸೂಜಿ ಇದೆ ಎಂದು ಹೇಳಬಹುದು. ಸೂಜಿಯನ್ನು ಅವನೇ ಒಪ್ಪಿ ಹಾಕಿಸಿಕೊಳ್ಳುವುದಕ್ಕೂ ಹಿಡಿದು ಹಾಕಿಸುವುದಕ್ಕೂ ಇರುವ ಅಂತರ ಮುಂದಿನ ತಿಂಗಳು ಅವನು ತಾನಾಗಿ ಬರುತ್ತಾನೋ ಇಲ್ಲವೋ ಎಂಬುದರಲ್ಲಿ ತಿಳಿಯುತ್ತದೆ.

ಈಗಾಗಲೇ ಕಲಸಿ ಕೊಡುತ್ತಿರುವವರು ಏನು ಮಾಡಬೇಕು? ನಾಳೆಯೇ ನಿಲ್ಲಿಸಬೇಡಿ, ಕಾಯಿಲೆ ಮರುಕಳಿಸೀತು. ಮೊದಲು ಬರೆದುಕೊಟ್ಟ ವೈದ್ಯರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅವನು ಸ್ವಲ್ಪ ತಿಳಿಯಾಗಿರುವ ದಿನ ನೋಡಿ, ಅವನು ನಂಬುವ ಒಬ್ಬರ ಎದುರಿಗೆ, ಅದು ಸೋದರಮಾವ ಇರಬಹುದು, ಶಾಲೆ ಮಾಸ್ತರರಿರಬಹುದು, ‘ನೀ ಭಾಳ ಹೈರಾಣಾಗಿದ್ದಿ, ನಮಗ ದಾರಿ ತಿಳೀಲಿಲ್ಲ, ಹಿಂಗ ಮಾಡಿದ್ವಿ’ ಎಂದು ಬಿಚ್ಚಿ ಹೇಳಿ. ಸಿಟ್ಟು ಬರುತ್ತದೆ. ಬರಲಿ. ಆ ಸಿಟ್ಟು ಇಳಿದ ಮೇಲೆ ಡಾಕ್ಟರ ಬಳಿ ಅವನೇ ಮಾತಾಡುವಂತೆ ಮಾಡಿ. ಹೇಳಿದ ಮೇಲೂ ಅವನು ಗುಳಿಗೆ ಬಿಟ್ಟೇಬಿಡಬಹುದು, ಆ ಅಪಾಯವನ್ನು ನಾನು ಮುಚ್ಚಿಡಲಾರೆ.

ಆರಾಮಿರುವವರಿಗೆ ಕಾಯ್ದೆಯಲ್ಲಿ ಇನ್ನೊಂದು ಸೌಕರ್ಯವಿದೆ, ಹಳ್ಳಿಗಳಲ್ಲಿ ಬಳಸಿದವರನ್ನು ನಾನಂತೂ ಹೆಚ್ಚು ಕಂಡಿಲ್ಲ. ಅದರ ಹೆಸರು ಮುಂಗಡ ನಿರ್ದೇಶನ. ಮುಂದೆ ತನಗೆ ಮತ್ತೆ ಕಾಯಿಲೆ ಏರಿ ತೀರ್ಮಾನಶಕ್ತಿ ಇಲ್ಲದಾಗ ಏನು ಮಾಡಬೇಕು, ಏನು ಮಾಡಬಾರದು ಎಂದು ಮೊದಲೇ ಬರೆದಿಡುವುದು. 18 ತುಂಬಿದ ಯಾರೂ ಬರೆಯಬಹುದು, ಮೊದಲು ಕಾಯಿಲೆ ಬಂದಿದ್ದರೂ ಸರಿ. ತುರ್ತು ಚಿಕಿತ್ಸೆಯ ಹೊತ್ತಿಗೆ ಅದು ಅನ್ವಯಿಸುವುದಿಲ್ಲ, ಉಳಿದ ಹೊತ್ತು ವೈದ್ಯರು ಅದನ್ನು ಪಾಲಿಸಬೇಕು, ಒಪ್ಪದಿದ್ದರೆ ಮಂಡಳಿಗೆ ಹೋಗಬೇಕು. ಭಾರಿ ಕಾನೂನಿನ ಭಾಷೆಯೇನೂ ಬೇಡ. ಯಾವ ಔಷಧಿಗೆ ಕುತ್ತಿಗೆ ತಿರುಚಿತ್ತು, ಅದು ಬೇಡ. ಯಾವುದು ಒಗ್ಗಿತ್ತು, ಅದು ಇರಲಿ. ಧಾರವಾಡಕ್ಕೇ ಕರೆದೊಯ್ಯಿರಿ, ಬೇರೆಡೆ ಬೇಡ. ನನ್ನ ಸುದ್ದಿಯನ್ನು ಬೀಗರಿಗೆ ಹೇಳಬೇಡಿ. ಹೀಗೆ ಬರೆದರೆ ಸಾಕು. ಹಣ, ದನಕರುಗಳ ಜವಾಬ್ದಾರಿ ಯಾರಿಗೆ ಎಂಬುದನ್ನೂ ಮನೆಯವರಿಗಾಗಿ ಬೇರೆ ಹಾಳೆಯಲ್ಲಿ ಬರೆದಿಡುವುದು ಒಳ್ಳೆಯದು.

ಎಲ್ಲ ಕೇಳಿ, ತಿಳಿದು, ಆರಾಮಾಗಿ ಕೂತು ಒಬ್ಬ ‘ಬ್ಯಾಡ’ ಎಂದರೆ? ಅವನಿಂದ ಅವನಿಗಾಗಲೀ ಇನ್ನೊಬ್ಬರಿಗಾಗಲೀ ಅಪಾಯವಿಲ್ಲ, ಹೇಳಿದ್ದು ತಿಳಿದಿದೆ, ಆದರೂ ಬೇಡ. ಆಗ ಬೇಡ ಎಂಬುದನ್ನು ಒಪ್ಪಿಕೊಳ್ಳಬೇಕು. ಮನೆಯವರಿಗೆ ಇದು ಸಂಕಟದ ಮಾತು ಎಂದು ಬಲ್ಲೆ. ಸುಮ್ಮನೆ ಕೈಬಿಡಬೇಕೆಂದು ಅರ್ಥವಲ್ಲ. ಆಶಾ ಕಾರ್ಯಕರ್ತೆ ತಿಂಗಳಿಗೊಮ್ಮೆ ಬಂದು ಮಾತಾಡಿಸಿ ಹೋಗಲಿ, ನಿದ್ದೆ ಕೆಟ್ಟಿತು, ಊಟ ಬಿಟ್ಟ ಎಂಬಂಥ ಮೊದಲ ಸುಳಿವುಗಳನ್ನು ಮನೆಯವರೂ ಅವನೂ ಕೂಡಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ಆ ಸುಳಿವು ಕಂಡ ದಿನ ಯಾರಿಗೆ ಹೇಳಬೇಕೆಂದು ಅವನೇ ಹೇಳಲಿ. 14416ಕ್ಕೆ ಫೋನ್ ಮಾಡಿದರೆ ಟೆಲಿ–ಮಾನಸ್‌ನವರು ದಿನದ ಯಾವ ಹೊತ್ತಿನಲ್ಲೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಆ ಫೋನನ್ನು ಮನೆಯವರೇ ಮಾಡಬೇಕೆಂದಿಲ್ಲ.